ಮೆಲ್ಟನ್ನಿನ ಎರೆಮಣ್ಣು

ಸಿಡ್ನಿಯಿಂದ ಬರುವ ಮಿತ್ರರು ನಮ್ಮನ್ನು ಛೇಡಿಸುವುದುಂಟು: "ಮೆಲ್ಬರ್ನಿನ ಪಶ್ಚಿಮದಲ್ಲಿ ನೋಡುವುದೇನಿದೆ ಡಾಕ್ಟ್ರೇ, ಬರೀ ಬಯಲು!" ಆ ಬಯಲು ಜ್ವಾಲಾಮುಖಿಗಳ ಕೆಲಸವೆಂದು ನಮಗೆ ತಿಳಿದದ್ದು ಮನೆಯ ಗೋಡೆ ಬಿರಿದ ಮೇಲೆ.

2004ರಲ್ಲಿ ಸಿಡ್ನಿ ಬಿಟ್ಟು ಮೆಲ್ಟನ್ನಿನಲ್ಲಿ ಮನೆ ಕಟ್ಟಿಸಲು ಹೊರಟೆವು. ಆಗ ಬಿಜಾಪುರದ ಕಡೆಯ ನಮ್ಮ ಹಳ್ಳಿಯಿಂದ ಅಪ್ಪ ಬಂದಿದ್ದರು. ಸೈಟಿನಲ್ಲಿ ಒಂದು ಹೆಂಟೆ ಎತ್ತಿ, ಅಂಗೈಯಲ್ಲಿ ಪುಡಿ ಮಾಡಿ, "ಇದು ನಮ್ಮ ಎರಿ ಹೊಲದ ಮಣ್ಣ ಐತಲ್ಲೋ ತಮ್ಮಾ. ಪಾಯಾ ನೋಡಿ ಹಾಕಸು, ಇಲ್ಲಾಂದ್ರ ಗ್ವಾಡಿ ಬಿರೀತಾವ" ಎಂದರು. "ಅದಕ್ಕೆಲ್ಲಾ ಇಲ್ಲಿ ಇಂಜಿನಿಯರು ಅದಾರಪ್ಪಾ" ಎಂದು ನಕ್ಕುಬಿಟ್ಟೆವು.

2008ರ ಬರದಲ್ಲಿ ಊಟದ ಕೋಣೆಯ ಗೋಡೆ ಮೂಲೆಯಿಂದ ಮೂಲೆಗೆ ಬಿರಿಯಿತು. ನೋಡಲು ಬಂದ ತಜ್ಞರು ಹೇಳಿದ್ದು ಅಪ್ಪ ಹೇಳಿದ್ದನ್ನೇ: ಇದು ಬಸಾಲ್ಟ್ ಕಲ್ಲು ಕರಗಿ ಆದ ಜೇಡಿ, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ.

ಆಮೇಲೆ ನಾವು ಪುಸ್ತಕ ಹಿಡಿದು ಕುಳಿತೆವು. ರಕ್ತ ಗಟ್ಟಿಯಾದರೆ ಏನಾಗುತ್ತದೆಂದು ವೈದ್ಯರಿಗೆ ಹೇಳಬೇಕಾಗಿಲ್ಲ. ಲಾವಾ ಕೂಡ ಹಾಗೆಯೇ. ಅದರಲ್ಲಿ ಸಿಲಿಕಾ ಹೆಚ್ಚಿದ್ದರೆ ಮಂದವಾಗಿ, ಒಳಗಿನ ಅನಿಲ ಹೊರಬರಲಾಗದೆ ಸ್ಫೋಟಿಸುತ್ತದೆ. ಬೂದಿ, ಲಾವಾ ಪದರ ಪದರವಾಗಿ ಬಿದ್ದು ಕಡಿದಾದ ಪರ್ವತವಾಗುತ್ತದೆ. ಸಿಲಿಕಾ ಕಡಿಮೆಯಿದ್ದರೆ ತೆಳ್ಳಗೆ ಬಹುದೂರ ಹರಿದು, ಗುರಾಣಿ ಬೋರಲು ಹಾಕಿದಂಥ ತಗ್ಗು ದಿಬ್ಬವಾಗುತ್ತದೆ. ನಮ್ಮ ಮೆಲ್ಟನ್ ಪಕ್ಕದ ಮೌಂಟ್ ಕಾಟ್ರೆಲ್ ಅಂಥದ್ದು. ಬೆಟ್ಟವೆಂದರೆ ಯಾರೂ ನಂಬುವುದಿಲ್ಲ! ಕಾರಂಜಿಯಂತೆ ಚಿಮ್ಮಿದ ಕೆಂಡದ ಚೂರುಗಳು ಗುಡ್ಡೆಯಾದರೆ ಮೌಂಟ್ ಎಲಿಫೆಂಟ್. ಮೇಲೇರುವ ಶಿಲಾರಸಕ್ಕೆ ಅಂತರ್ಜಲ ತಾಗಿ, ಹಬೆ ಸಿಡಿದು ಅಗಲವಾದ ಹೊಂಡ ಬಿದ್ದರೆ ವಾರ್ನಾಂಬೂಲ್ ಹತ್ತಿರದ ಟವರ್ ಹಿಲ್. ಮೆಲ್ಬರ್ನಿನಿಂದ ಮೌಂಟ್ ಗ್ಯಾಂಬಿಯರ್‌ವರೆಗೆ ಇಂಥ ಬಾಯಿಗಳು 400ಕ್ಕೂ ಹೆಚ್ಚು. ಮೌಂಟ್ ಗ್ಯಾಂಬಿಯರ್ ಉಕ್ಕಿದ್ದು ಕೇವಲ 5,000 ವರ್ಷಗಳ ಹಿಂದೆ.

ನಮ್ಮೂರ ಕಥೆ ಇದಕ್ಕಿಂತ ದೊಡ್ಡದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಉದ್ದನೆಯ ಬಿರುಕುಗಳಿಂದ ತೆಳು ಲಾವಾ ಮತ್ತೆ ಮತ್ತೆ ಉಕ್ಕಿ ದಖ್ಖಣವನ್ನು ಮುಚ್ಚಿತು. ಬೀದರ, ಬಿಜಾಪುರಗಳ ಕರಿಕಲ್ಲು ಅದೇ; ಬಿಳಿಜೋಳ ಬೆಳೆಯುವ ಎರೆಮಣ್ಣು ಆ ಕಲ್ಲಿನ ಮಗಳು. ಮೆಲ್ಟನ್ನಿನ ಮಣ್ಣಿಗೆ ಅವಳು ಅಕ್ಕ. ಎರಡೂ ಒಂದೇ ಬಗೆಯ ಕಲ್ಲಿನಿಂದ ಹುಟ್ಟಿದವು.

ಏಳು ಸಮುದ್ರ ದಾಟಿ ಬಂದು ನಾವು ನಿಂತದ್ದು ಮತ್ತೆ ಎರೆಮಣ್ಣಿನ ಮೇಲೆಯೇ. ಇದನ್ನು ಮುಷ್ಟಿ ಮಣ್ಣಿನಲ್ಲಿ ಗುರುತಿಸಿದವರು ನಾಲ್ಕನೇ ಇಯತ್ತೆ ಓದಿದ ಅಪ್ಪ. ಗೋಡೆ ಬಿರಿಯುವ ಹಿಂದಿನ ವರ್ಷವೇ ಅವರು ತೀರಿಕೊಂಡಿದ್ದರು. "ನೀವು ಹೇಳಿದ್ದು ಖರೆ ಅಪ್ಪಾ" ಎನ್ನಲು ನಮಗೆ ಆಗಲೇ ಇಲ್ಲ.

ಈ ಕಡೆ ಮನೆ ಕೊಳ್ಳುವ ಬಂಧುಗಳು ಮೊದಲು ಮಣ್ಣು ಪರೀಕ್ಷೆಯ ವರದಿ ಓದಿರಿ. ಊರಿನಿಂದ ಹಿರಿಯರು ಬಂದಾಗ ಅವರನ್ನು ಏರ್‌ಪೋರ್ಟ್ ಹತ್ತಿರದ ಆರ್ಗನ್ ಪೈಪ್ಸ್ ಉದ್ಯಾನಕ್ಕೆ ಕರೆದೊಯ್ಯಿರಿ. ಲಾವಾ ತಣಿದು ಕುಗ್ಗುವಾಗ ಸೀಳಿ ಆದ ಕಲ್ಲುಕಂಬಗಳು ಅಲ್ಲಿವೆ. ಅವರು ಏನಾದರೂ ಹೇಳಿದರೆ ನಗಬೇಡಿ, ಬರೆದಿಟ್ಟುಕೊಳ್ಳಿ.