ಎತ್ತದೆ ಬಿಟ್ಟ ಹಡಗು

ಸ್ಮಾರಕವೆಂದರೆ ನಮ್ಮ ಕಣ್ಣ ಮುಂದೆ ಬರುವುದು ಕಲ್ಲು. ಊರ ಹೊರಗಿನ ವೀರಗಲ್ಲೋ, ಪೇಟೆಯ ಚೌಕದಲ್ಲಿ ನಿಂತ ಪ್ರತಿಮೆಯೋ. ಹವಾಯಿಯ ಪರ್ಲ್ ಹಾರ್ಬರಿನಲ್ಲಿರುವ ‘ಅರಿಜೋನ’ ಸ್ಮಾರಕವನ್ನು ಮಾತ್ರ ತಲೆ ಬಗ್ಗಿಸಿ ನೋಡಬೇಕು. ನೋಡಬೇಕಾದದ್ದೆಲ್ಲ ನೀರಿನ ಕೆಳಗಿದೆ.

1941ರ ಡಿಸೆಂಬರ್ 7, ಭಾನುವಾರ. ಬೆಳಿಗ್ಗೆ ಎಂಟು ದಾಟಿ ಕೆಲವೇ ನಿಮಿಷಗಳಾಗಿದ್ದವು. ಜಪಾನಿನ ವಿಮಾನವೊಂದು ಹಾಕಿದ ಬಾಂಬು ಈ ಯುದ್ಧನೌಕೆಯ ಮುಂಭಾಗವನ್ನು ಸೀಳಿತು. ಮದ್ದಿನ ಕೋಠಿ ಸಿಡಿಯಿತು. ಹಡಗು ಎರಡು ದಿನಕ್ಕೂ ಮೀರಿ ಉರಿಯಿತು. ಸತ್ತವರು 1,177 ಮಂದಿ; ಅವರಲ್ಲಿ 900ಕ್ಕೂ ಹೆಚ್ಚು ಜನ ಇಂದಿಗೂ ಒಳಗೇ ಇದ್ದಾರೆ. ಅಂದು ಮುಳುಗಿದ ಬೇರೆ ಕೆಲವು ಹಡಗುಗಳನ್ನು ಎತ್ತಿ, ದುರಸ್ತಿ ಮಾಡಿ, ಮತ್ತೆ ಯುದ್ಧಕ್ಕೆ ಕಳಿಸಿದರು. ಇದರ ಮೇಲುಭಾಗವನ್ನು ಕತ್ತರಿಸಿಕೊಂಡು ಒಡಲನ್ನು ಹಾಗೆಯೇ ಬಿಟ್ಟರು.

1962ರಲ್ಲಿ ಅದರ ಮೇಲೆ, ಅಡ್ಡಲಾಗಿ, 184 ಅಡಿ ಉದ್ದದ ಬಿಳಿಯ ಮಂಟಪವೊಂದು ಸಿದ್ಧವಾಯಿತು. ಅದು ಹಡಗನ್ನು ಎಲ್ಲಿಯೂ ಮುಟ್ಟುವುದಿಲ್ಲ. ನಡುವೆ ತಗ್ಗಿ, ಎರಡು ತುದಿಗಳಲ್ಲಿ ಎದ್ದಿದೆ. ಮೊದಲು ಸೋಲು, ಕೊನೆಗೆ ಗೆಲುವು ಎಂಬುದು ಶಿಲ್ಪಿ ಆಲ್ಫ್ರೆಡ್ ಪ್ರೈಸ್ ಅವರ ವಿವರಣೆ. ದೋಣಿಯಿಂದ ನನಗೆ ಕಂಡದ್ದು ಹಗ್ಗ ಸಡಿಲಾದ ಮಂಚ! ವಿವರಣೆಗಿಂತ ಶಿಲ್ಪಿಯ ಕಥೆಯೇ ನನ್ನನ್ನು ಹಿಡಿಯಿತು. ವಿಯೆನ್ನಾದವರಾದ ಅವರು ನಾಜಿಗಳ ಕಾಟದಿಂದ ಪಾರಾಗಿ 1939ರಲ್ಲಿ ಹವಾಯಿಗೆ ಬಂದಿದ್ದರು. ದಾಳಿಯಾದೊಡನೆ ಅಮೆರಿಕದ ಸರ್ಕಾರ ಅವರನ್ನು ಶತ್ರುದೇಶದವರೆಂದು ಹಿಡಿದು ತಿಂಗಳುಗಟ್ಟಲೆ ಕೂಡಿಹಾಕಿತ್ತು. ಅದೇ ದಾಳಿಯಲ್ಲಿ ಸತ್ತವರಿಗೆ ಅವರೇ ಮಂಟಪ ಕಟ್ಟಿಕೊಟ್ಟರು.

ಮಂಟಪದ ಕೊನೆಯಲ್ಲಿ ಅಮೃತಶಿಲೆಯ ಗೋಡೆ; ಅದರ ತುಂಬ ಹೆಸರು. ಒಂದೇ ಮನೆತನದ ಹೆಸರು ಒಂದರ ಕೆಳಗೊಂದು ಬಂದಾಗ ಎದೆ ಧಸಕ್ಕೆನ್ನುತ್ತದೆ. ಅಣ್ಣತಮ್ಮಂದಿರು ಒಂದೇ ಹಡಗಿಗೆ ಸೇರುವುದು ಆಗ ಸಾಮಾನ್ಯವಾಗಿತ್ತಂತೆ. ಅವರ ತಾಯಂದಿರಿಗೆ ತಂತಿ ಎಷ್ಟು ಬಂದವೋ, ಒಂದೋ ಎರಡೋ.

ಬದುಕಿ ಉಳಿದವರ ಕಥೆ ಬೇರೆ. ಮದುವೆ, ಮಕ್ಕಳು, ಪಿಂಚಣಿ ಎಲ್ಲ ಕಂಡು, ಮುದುಕರಾಗಿ ಸತ್ತ ಮೇಲೆ, ಬಯಸಿದವರ ಚಿತಾಭಸ್ಮವನ್ನು 1982ರಿಂದ ಮುಳುಗುಗಾರರು ಕೆಳಗೊಯ್ದು ಹಡಗಿನೊಳಗೆ ಇಡುತ್ತ ಬಂದರು. ಹೀಗೆ ಹಿಂದಿರುಗಿದವರು 40ಕ್ಕೂ ಹೆಚ್ಚು. ನಾವೂ ಅಸ್ಥಿಯನ್ನು ನೀರಿಗೆ ಬಿಡುವವರೇ. ಆದರೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಡುವುದು ಹರಿದುಹೋಗಲೆಂದು, ಋಣ ಹರಿಯಲೆಂದು. ಇಲ್ಲಿ ಇಡುವುದು ಅಲ್ಲೇ ಇರಲೆಂದು. ಇಪ್ಪತ್ತರ ಹರೆಯದಲ್ಲಿ ಬಿಟ್ಟುಬಂದ ಗೆಳೆಯರ ಋಣ ಎಪ್ಪತ್ತು ವರ್ಷದ ಸಂಸಾರದಲ್ಲೂ ತೀರಲಿಲ್ಲವೆ? ನನಗೆ ಅದು ವಿಚಿತ್ರವೆನಿಸಿತು, ಅಸೂಯೆಯೂ ಆಯಿತು.

ಒಡಲಿನಲ್ಲಿ ಲಕ್ಷಗಟ್ಟಲೆ ಗ್ಯಾಲನ್ ಎಣ್ಣೆ ಇನ್ನೂ ಇದೆ. ದಿನಕ್ಕೆ ಕೆಲವು ಲೀಟರಿನಷ್ಟು ಹನಿಹನಿಯಾಗಿ ಮೇಲೆ ಬರುತ್ತದೆ. ಹೊರತೆಗೆಯಲು ಹೋದರೆ ಸಮಾಧಿಯನ್ನು ಕೆದಕಿದಂತೆ. ಬಿಟ್ಟರೆ ಒಂದು ದಿನ ತುಕ್ಕು ಹಿಡಿದ ಕಬ್ಬಿಣ ಕುಸಿದು ಕೊಲ್ಲಿಯೇ ಕೆಟ್ಟೀತು. ಜೀವಂತ ಮೀನಿಗೂ ಹಕ್ಕುಂಟು, ತೆಗೆಯುವುದೇ ಸರಿ ಎಂದು ನನ್ನ ಬುದ್ಧಿ ಹೇಳುತ್ತದೆ. ಅಲ್ಲಿ ನಿಂತಾಗ ಹಾಗೆನ್ನಲು ಬಾಯಿ ಬರಲಿಲ್ಲ.

ಬದುಕುಳಿದ ಕೊನೆಯ ನಾವಿಕ ತೀರಿಕೊಂಡ ದಿನ ಈ ಎಣ್ಣೆ ನಿಲ್ಲುವುದೆಂದು ಒಂದು ಪ್ರತೀತಿಯಿದೆ. ಆತ 2024ರಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡ. ನಾನು ಹೋದದ್ದು ಆಮೇಲೆ. ಕಟಕಟೆಯ ಕೆಳಗೆ ಒಂದು ಹನಿ ಎದ್ದು, ನೀರಿನ ಮೇಲೆ ನವಿಲಿನ ಬಣ್ಣವಾಗಿ ಹರಡಿತು. ಅದು ಮಾಸುವಷ್ಟರಲ್ಲಿ ಇನ್ನೊಂದು ಬಂತು.