ಲೆಕ್ಕಕ್ಕೆ ಸೇರದ ಜೀವ

ಬೆಳಗಾವಿಯಿಂದ ಕೊಲ್ಹಾಪುರದ ಕಡೆಗೆ ಹೊರಟ ಪ್ರವಾಸಿಗನಿಗೆ ತವಂದಿ ಘಾಟನ್ನು ಇಳಿಯುತ್ತಿದ್ದಂತೆ ನಿಪ್ಪಾಣಿಯ ಬಯಲು ಕಾಣಿಸಿಕೊಳ್ಳುತ್ತದೆ. ತಂಬಾಕಿನ ವಖಾರಿಗಳು, ಬೀಡಿ ಕಟ್ಟುವ ಹೆಣ್ಣುಮಕ್ಕಳು, ಕನ್ನಡ ಮರಾಠಿಗಳೆರಡನ್ನೂ ಒಂದೇ ಉಸಿರಿನಲ್ಲಿ ಆಡುವ ಪೇಟೆ — ಇವು ಈ ಊರಿನ ಹಳೆಯ ಗುರುತುಗಳು. ಹೊಸ ಗುರುತೆಂದರೆ ಊರ ಮಗ್ಗುಲಲ್ಲೇ ಹಾಯ್ದುಹೋಗಿರುವ ಪುಣೆ–ಬೆಂಗಳೂರು ಹೆದ್ದಾರಿ. ಹಗಲಿರುಳೆನ್ನದೆ ಅದರ ಮೇಲೆ ಲಾರಿಗಳ ಸಾಲು ಹರಿಯುತ್ತಲೇ ಇರುತ್ತದೆ. ನಸುಕಿನಲ್ಲಿ ಚಹದ ಅಂಗಡಿಯ ಬಾಗಿಲು ತೆಗೆಯುವವನ ಕಣ್ಣಿಗೆ ಎಷ್ಟೋ ಸಲ ಮೊದಲು ಬೀಳುವುದು, ರಸ್ತೆಯಂಚಿನಲ್ಲಿ ಹಿಂಗಾಲುಗಳನ್ನು ಎಳೆದುಕೊಂಡು ಬಿದ್ದಿರುವ ಒಂದು ನಾಯಿ.

ಆಮೇಲೆ ನಡೆಯುವುದು ಎಲ್ಲ ಊರುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ಒಬ್ಬನು ಗೋಣಿಚೀಲ ಹೊದಿಸುತ್ತಾನೆ, ಇನ್ನೊಬ್ಬನು ನೀರಿಡುತ್ತಾನೆ. ಕಾಲೇಜಿನ ಹುಡುಗರಿಬ್ಬರು ಅದರ ಚಿತ್ರ ತೆಗೆದು ಮೊಬೈಲಿನಲ್ಲಿ ಗೆಳೆಯರಿಗೆ ಕಳುಹಿಸುತ್ತಾರೆ. ನೆತ್ತರು ಕಂಡ ಮನಸ್ಸು ಕರಗುತ್ತದೆ. ಸಂಜೆಯ ಹೊತ್ತಿಗೆ ಐವತ್ತು, ನೂರು ಎಂದು ಹಣ ಬರುತ್ತದೆ. ಆದರೆ ಮುರಿದ ಮೂಳೆ ಕೂಡಿಕೊಳ್ಳುವುದಕ್ಕೆ ವಾರಗಳು ಬೇಕು. ಮೊದಲ ದಿನದ ಹಣ ಬಂದೀತು; ಹದಿನೈದನೆಯ ದಿನದ ಹಣ ಬಾರದು. ಗಡಿನಾಡಿನ ಈ ಐದು ಊರುಗಳಲ್ಲಿ ದಯೆಗೆ ಬರವಿಲ್ಲ. ಬರವಿರುವುದು ದಯೆಯ ಲೆಕ್ಕಕ್ಕೆ.

ನಿಪ್ಪಾಣಿಯಿಂದ ಮೂಡಲಿಗೆ ಚಿಕ್ಕೋಡಿ. ಈ ಸೀಮೆಯಲ್ಲಿ ವೇದಗಂಗೆ ದೂಧಗಂಗೆಯನ್ನು ಸೇರುತ್ತದೆ, ದೂಧಗಂಗೆ ಕೃಷ್ಣೆಯನ್ನು ಸೇರುತ್ತದೆ. ಇಲ್ಲಿನ ಸದಲಗಾ ಗ್ರಾಮದಲ್ಲಿ 1946ರಲ್ಲಿ ಜನಿಸಿದ ಬಾಲಕನೊಬ್ಬನು ಮುಂದೆ ಆಚಾರ್ಯ ವಿದ್ಯಾಸಾಗರ ಮುನಿಗಳೆಂದು ನಾಡಿಗೆಲ್ಲ ಪೂಜ್ಯನಾದನು. 2024ರಲ್ಲಿ ದೇಹವಿಟ್ಟ ಆ ಮುನಿಗಳ ಪ್ರೇರಣೆಯಿಂದ ಉತ್ತರ ದೇಶದಲ್ಲಿ ಎಷ್ಟೋ ಗೋಶಾಲೆಗಳು ಎದ್ದವು. ಇರುವೆಯನ್ನೂ ತುಳಿಯದೆ ನಡೆಯಬೇಕೆಂಬ ಧರ್ಮ ಇಲ್ಲಿಯ ಮಣ್ಣಿಗೆ ಹೊಸದಲ್ಲ.

ಹೊಳೆ ಉಕ್ಕಿದಾಗ ಆ ಧರ್ಮದ ಪರೀಕ್ಷೆಯಾಗುತ್ತದೆ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ದಂಡೆಯ ಹಳ್ಳಿಗಳನ್ನು ನುಂಗಿದವು. ಜನರು ಮಕ್ಕಳನ್ನೂ ಮುದುಕರನ್ನೂ ದನಕರುಗಳನ್ನೂ ಕರೆದುಕೊಂಡು ಎತ್ತರದ ಜಾಗಗಳನ್ನು ಸೇರಿದರು. ಇಂಥ ವಿಪತ್ತಿನಲ್ಲಿ ಸತ್ತ ಪ್ರಾಣಿಗಳಿಗೆ ಸರಕಾರದ ಪರಿಹಾರವುಂಟು. 2022ರಿಂದ 2026ರವರೆಗಿನ ಅವಧಿಗೆ ಗೊತ್ತುಪಡಿಸಿದ ದರದ ಪ್ರಕಾರ ಆಕಳು ಎಮ್ಮೆಗಳಿಗೆ 37,500 ರೂಪಾಯಿ, ಎತ್ತಿಗೆ 32,000, ಕತ್ತೆಗೆ 20,000, ಕುರಿ ಮೇಕೆಗಳಿಗೆ 4,000, ಕೋಳಿಗೆ 100. ಹಿತ್ತಲಿನ ಕೋಳಿಗೂ ಬೆಲೆ ಕಟ್ಟಿದ ಆ ಪಟ್ಟಿಯಲ್ಲಿ ನಾಯಿಯ ಹೆಸರಿಲ್ಲ. ತಪ್ಪು ಪಟ್ಟಿಯದಲ್ಲ, ಅದು ಜೀವನೋಪಾಯದ ಪಟ್ಟಿ. ಹಾಲು ಕೊಡದ, ನೇಗಿಲು ಎಳೆಯದ, ಮೊಟ್ಟೆ ಇಡದ ಜೀವಕ್ಕೆ ಅಲ್ಲಿ ಸ್ಥಳವಿಲ್ಲ. ಬೀದಿಯ ನಾಯಿಗಂತೂ ಕೇಳಲು ಒಡೆಯನೂ ಇಲ್ಲ.

ಚಿಕ್ಕೋಡಿಯಿಂದ ರಾಯಬಾಗಕ್ಕೆ ಹೋಗುವ ಹಾದಿಯ ಎರಡೂ ಕಡೆ ಕಬ್ಬೇ ಕಬ್ಬು. ಹಂಗಾಮು ಆರಂಭವಾಯಿತೆಂದರೆ ಎರಡೆರಡು ಟ್ರಾಲಿಗಳನ್ನು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರಖಾನೆಗಳತ್ತ ಹೊರಳಾಡುತ್ತ ಸಾಗುತ್ತವೆ. ಎದುರಿಗೆ ನಾಯಿ ಬಂದರೆ ಆ ಭಾರದ ಗಾಡಿಯನ್ನು ಥಟ್ಟನೆ ನಿಲ್ಲಿಸುವುದು ಚಾಲಕನ ಕೈಯಲ್ಲಿಲ್ಲ. ಊರವರ ನಾಲಿಗೆಗೆ ಕಬ್ಬಿನ ಹಂಗಾಮು ಸಿಹಿ. ಬೀದಿನಾಯಿಗೆ ಅದು ಕಹಿ.

ಅದೇ ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಘಮಾಸದ ಹುಣ್ಣಿಮೆಗೆ ಮಾಯಕ್ಕದೇವಿಯ ಜಾತ್ರೆ ಕೂಡುತ್ತದೆ. ಕರ್ನಾಟಕ, ಮಹಾರಾಷ್ಟ್ರಗಳ ಕುರುಬರು, ಧನಗರರು ಡೊಳ್ಳು ಬಡಿಯುತ್ತ, ಭಂಡಾರ ಹಾರಿಸುತ್ತ ನೆರೆಯುತ್ತಾರೆ. ಕುರಿಗಾರನಿಗೆ ನಾಯಿ ಎಂದರೆ ಏನೆಂಬುದನ್ನು ಬೇರೆ ಹೇಳಬೇಕಿಲ್ಲ. ಬಯಲಿನಲ್ಲಿ ಹಟ್ಟಿ ಹಾಕಿ ಮಲಗಿದವನ ನಿದ್ದೆಗೆ ಕಾವಲು ಅದೇ. ಒಡೆಯನು ಉಂಡ ರೊಟ್ಟಿಯಲ್ಲಿ ಅದಕ್ಕೊಂದು ಪಾಲು ತಪ್ಪದು. ಪಟ್ಟಣದಲ್ಲಿ ತಪ್ಪಿಹೋಗಿರುವುದು ಈ ಪಾಲು.

ಕುಡಚಿಯ ಬಳಿ ಕೃಷ್ಣೆಯನ್ನು ದಾಟಿ ಉಗಾರದ ಮೂಲಕ ಕಾಗವಾಡದ ಸೀಮೆಯನ್ನು ಹೊಕ್ಕರೆ ಮಂಗಸೂಳಿಯ ಮಲ್ಲಯ್ಯನ ಗುಡಿ ದೊರೆಯುತ್ತದೆ. ಮರಾಠಿಯವರಿಗೆ ಈತನು ಖಂಡೋಬಾ. ಎರಡೂ ನಾಡುಗಳಿಗೆ ಕುಲದೇವರು. ಮೈಲಾರನ ಪರಂಪರೆಯಲ್ಲಿ ನಾಯಿ ದೇವರ ಪರಿವಾರಕ್ಕೆ ಸೇರಿದ್ದು. ಗೊರವರು ದೇವರ ನಾಯಿಗಳೆಂದು ತಮ್ಮನ್ನು ಕರೆದುಕೊಂಡು ಬೊಗಳುತ್ತಾರೆ. ದೋಣಿಯೆಂಬ ಪಾತ್ರೆಯಲ್ಲಿ ಸುರಿದ ಹಾಲನ್ನು ನಾಯಿಯಂತೆ ಬಾಯಿಂದಲೇ ಸೇವಿಸುತ್ತಾರೆ. ಗಡಿಯಾಚೆ, ಕೃಷ್ಣಾ ಪಂಚಗಂಗೆಗಳ ಸಂಗಮದ ನರಸಿಂಹವಾಡಿಯಲ್ಲಿ ದತ್ತಾತ್ರೇಯನ ಸನ್ನಿಧಿ. ಪಟದಲ್ಲಿ ದತ್ತನ ಪಾದದ ಬಳಿ ನಾಲ್ಕು ನಾಯಿಗಳಿರುತ್ತವೆ. ಅವು ನಾಲ್ಕು ವೇದಗಳೆಂದು ಭಕ್ತರ ನಂಬಿಕೆ. ಪಟದ ನಾಯಿಗೆ ಕುಂಕುಮ ಹಚ್ಚಿ ಹೊರಬಂದವನು ಗುಡಿಯ ಮೆಟ್ಟಿಲ ಬಳಿ ಮೈಯೆಲ್ಲ ಕಜ್ಜಿಯಾಗಿ ಮಲಗಿರುವ ನಾಯಿಯನ್ನು ಗದರಿಸಿ ಓಡಿಸುವುದೂ ಉಂಟು.

ಪೂಜೆ ಸೇವೆಯಾಗಬೇಕಾದರೆ ಏನು ಮಾಡಬೇಕೆಂಬುದನ್ನು ಕನ್ನಡ ನಾಡು ಸಾವಿರ ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಬರೆದಿಟ್ಟಿದೆ. ಮಂಡ್ಯ ಸೀಮೆಯ ಆತಕೂರಿನಲ್ಲಿ ಕ್ರಿ.ಶ. 950ರ ಸುಮಾರಿಗೆ ಒಂದು ಶಿಲೆ ನಿಂತಿತು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನು ಗಂಗರಾಜ ಬೂತುಗನಿಂದ ಬೇಡಿ ಪಡೆದದ್ದು ಊರಲ್ಲ, ಹೊನ್ನಲ್ಲ. ಕಾಳಿ ಎಂಬ ಬೇಟೆನಾಯಿ. ಆ ನಾಯಿ ಹಂದಿಯೊಡನೆ ಕಾದಿ, ಹಂದಿಯನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದ್ದಷ್ಟೇ ಅಲ್ಲ, ಭೂಮಿಯನ್ನೂ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ತಾನು ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲೆಂದು ಶಾಸನ ವಿಧಿಸಿತು. ದಾನಕ್ಕೊಂದು ಮೂಲ, ದಾನಕ್ಕೊಬ್ಬ ಹೊಣೆಗಾರ, ಅವನ ಊಟಕ್ಕೆ ಮುಂಚೆ ಅದರ ಪಾಲು — ಇಷ್ಟನ್ನೂ ಅಲ್ಲಿ ಕಾಣಬಹುದು. ಶಿಲೆ ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

1956ರವರೆಗೆ ಈ ಪ್ರದೇಶವು ಸೇರಿದ್ದ ಮುಂಬಯಿ ಪ್ರಾಂತದ ಇತಿಹಾಸದಲ್ಲಿಯೂ ಅಂಥ ಇನ್ನೊಂದು ಪಾಠವಿದೆ. 1832ರ ಜೂನ್ ತಿಂಗಳಲ್ಲಿ ಮುಂಬಯಿಯ ಬೀದಿನಾಯಿಗಳನ್ನು ಕೊಲ್ಲಲು ಹೊರಟ ಪೋಲೀಸರ ವಿರುದ್ಧ ಪಾರಸಿಗಳು ತಿರುಗಿಬಿದ್ದರು, ಅಂಗಡಿಗಳು ಮುಚ್ಚಿದವು. ಎರಡು ವರ್ಷಗಳಲ್ಲಿ ಆ ಕೋಪ ತಣ್ಣಗಾಗಿ ಒಂದು ಕಟ್ಟಡವಾಯಿತು: ಜಮಶೇಟ್‌ಜಿ ಜೀಜೀಭಾಯಿಯವರೂ ಜೈನ ವರ್ತಕರೂ ಸೇರಿ 1834ರಲ್ಲಿ ಅನಾಥ ಪ್ರಾಣಿಗಳಿಗಾಗಿ ಪಾಂಜರಪೋಳವನ್ನು ಸ್ಥಾಪಿಸಿದರು. ಅದನ್ನು ಉಳಿಸಿದ್ದು ಒಬ್ಬನ ಉದಾರದಾನವಲ್ಲ. ತಾವು ಮಾರುವ ಸರಕಿನ ಮೇಲೆ ವರ್ತಕರು ತಾವೇ ಹಾಕಿಕೊಂಡ ಸಣ್ಣದೊಂದು ಲಾಗ.

ಈ ಪದ್ಧತಿ ಗಡಿನಾಡಿನ ಪೇಟೆಗಳಿಗೆ ಅಪರಿಚಿತವಲ್ಲ. ಹಿಂದೆ ಅಡತಿ ಅಂಗಡಿಗಳ ಪಟ್ಟಿಗಳಲ್ಲಿ ಹಮಾಲಿ, ತೂಕ, ದಲಾಲಿಗಳ ಜೊತೆಗೆ ಧರ್ಮಾದಾಯವೆಂಬ ಸಾಲೊಂದಿರುತ್ತಿತ್ತು. ಅದನ್ನು ರೈತನನ್ನು ಕೇಳದೆ ಮುರಿದುಕೊಳ್ಳುತ್ತಿದ್ದುದರಿಂದ ನಿಯಂತ್ರಿತ ಮಾರುಕಟ್ಟೆಯ ಕಾನೂನು ಅದಕ್ಕೆ ತಡೆ ಹಾಕಿದ್ದು ನ್ಯಾಯವೇ. ಆದರೆ ಒತ್ತಾಯ ಹೋದೊಡನೆ ಸಾಲೂ ಹೋಗಬೇಕೆ? ಇಚ್ಛೆಯಿಂದ ಬರೆದ ಸಾಲಿಗೆ ಯಾವ ಕಾನೂನೂ ಅಡ್ಡಬರುವುದಿಲ್ಲ.

ಕೊನೆಯ ನಿಲ್ದಾಣ ಅಥಣಿ. ಚರ್ಮದ ಚಪ್ಪಲಿಗಳಿಗೆ, ಮುರುಘೇಂದ್ರ ಶಿವಯೋಗಿಗಳ ಗಚ್ಚಿನ ಮಠಕ್ಕೆ ಹೆಸರಾದ ಊರು. ಇಲ್ಲಿಂದ ಬೆಳಗಾವಿ ನೂರು ಕಿಲೋಮೀಟರಿಗಿಂತಲೂ ದೂರ. ಈ ಭಾಗದ ಪಶು ಆಸ್ಪತ್ರೆಗಳು ಮುಖ್ಯವಾಗಿ ಹೈನಿನ ದನಗಳಿಗಾಗಿ ಹುಟ್ಟಿದಂಥವು. ಗಾಯ ತೊಳೆದು ಸೂಜಿ ಹಾಕುವುದು ಅಲ್ಲಿ ಆದೀತು. ಮುರಿದ ಬೆನ್ನುಮೂಳೆಗೆ, ಶಸ್ತ್ರಚಿಕಿತ್ಸೆಗೆ ದೊಡ್ಡ ಊರಿನ ದಾರಿ ಹಿಡಿಯಬೇಕಾದೀತು. ಬಾಡಿಗೆಯ ವಾಹನದ ಖರ್ಚು ಕೆಲವೊಮ್ಮೆ ಔಷಧಿಯ ಖರ್ಚನ್ನೇ ಮೀರುತ್ತದೆ.

ನಾಯಿಯ ರೋಗಗಳೂ ಒಂದು ದಿನದ ಕರುಣೆಗೆ ಬಗ್ಗುವಂಥವಲ್ಲ. ಹುಳ ಬಿದ್ದ ಗಾಯವನ್ನು ದಿನವೂ ತೊಳೆದು ಕಟ್ಟಬೇಕು. ಪಾರ್ವೊ ತಗುಲಿದ ಮರಿಗೆ ದಿನಗಟ್ಟಲೆ ಸಲೈನ್ ಏರಿಸಬೇಕು. ಬೀದಿನಾಯಿಗಳಲ್ಲಿ ಒಂದರಿಂದೊಂದಕ್ಕೆ ಅಂಟುವ ಜನನಾಂಗದ ಗಡ್ಡೆಯೊಂದಿದೆ. ವಾರಕ್ಕೊಂದರಂತೆ ಕೆಲವು ವಾರ ಸೂಜಿಮದ್ದು ಕೊಟ್ಟರೆ ಅದು ಬಹುಮಟ್ಟಿಗೆ ಗುಣವಾಗುತ್ತದೆ. ನಡುವೆ ನಿಲ್ಲಿಸಿದರೆ ಕೊಟ್ಟ ಹಣವೂ ವ್ಯರ್ಥ, ಪಟ್ಟ ಕಷ್ಟವೂ ವ್ಯರ್ಥ.

ಬೀದಿನಾಯಿಗಳಿಗೆ ಹೆದರಿ ಶಾಲೆಗೆ ಹೋಗುವ ಮಗುವಿನ ತಾಯಿಗೆ ಈ ಮಾತುಗಳು ಹಿಡಿಸದೆ ಇರಬಹುದು. ಅವಳ ಭಯ ಸುಳ್ಳಲ್ಲ. ಲಕ್ಷಣಗಳು ತೋರಿಬಂದ ಹುಚ್ಚುನಾಯಿ ರೋಗಕ್ಕೆ ಮದ್ದಿಲ್ಲ. ಕಚ್ಚಿದ ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು. ಆದರೆ ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಹಾಕಿದರೆ ರೋಗದ ಸರಪಳಿ ಮುರಿಯುತ್ತದೆಂದು ತಜ್ಞರು ಕಂಡುಕೊಂಡಿದ್ದಾರೆ. ಸಂತಾನಹರಣ, ಲಸಿಕೆಗಳ ಹೊಣೆಯನ್ನು 2023ರ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ಗಾಯಗೊಂಡ ನಾಯಿಯನ್ನು ಹಿಡಿದು ಉಪಚರಿಸುವವನ ಕೈಗೆ ಲಸಿಕೆ ಹಾಕುವ ಅವಕಾಶವೂ ಸಿಗುತ್ತದೆ. ನಾಯಿಯ ಹುಂಡಿಗೆ ಬಿದ್ದ ಕಾಸು ಆ ಮಗುವಿನ ಕಾವಲಿಗೂ ಸಲ್ಲುತ್ತದೆ.

ಹಾಗಾದರೆ ಹಣ ಎಲ್ಲಿಂದ? ಪೇಟೆಯ ನೂರು ಅಂಗಡಿಗಳು ದಿನಕ್ಕೆ ಒಂದೊಂದು ರೂಪಾಯಿ ತೆಗೆದಿಟ್ಟರೆ ತಿಂಗಳಿಗೆ ಮೂರು ಸಾವಿರ, ವರ್ಷಕ್ಕೆ ಮೂವತ್ತಾರು ಸಾವಿರ. ಶಸ್ತ್ರಚಿಕಿತ್ಸೆಗಳಿಗೆಲ್ಲ ಇದು ಸಾಲದು; ಆದರೆ ಹದಿನೈದನೆಯ ದಿನದ ಬ್ಯಾಂಡೇಜಿಗೆ, ನಾಲ್ಕನೆಯ ವಾರದ ಸೂಜಿಗೆ ಇದು ಸಾಕು. ಬೇಕಾದದ್ದು ಇನ್ನೊಂದೇ: ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದ ನಾಯಿ ಯಾವುದು, ಸತ್ತದ್ದು ಯಾವುದು ಎಂದು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವ ಹಲಗೆಯ ಮೇಲೆ ಬರೆದು ಹಾಕುವುದು. ಲೆಕ್ಕ ಕಂಡ ಕೈ ಮತ್ತೆ ಕೊಡುತ್ತದೆ. ಕಾಣದ ಕೈ ಎರಡನೆಯ ಸಲಕ್ಕೆ ಹಿಂಜರಿಯುತ್ತದೆ.

ಸಂಜೆ ಅಥಣಿಯ ಪೇಟೆಯಲ್ಲಿ ದೀಪಗಳು ಹತ್ತುತ್ತವೆ. ವರ್ತಕರು ಗಲ್ಲಾದ ಹಣ ಎಣಿಸಿ ಚೋಪಡಿಯಲ್ಲಿ ಜಮಾಖರ್ಚು ಬರೆಯುತ್ತಾರೆ. ಅಂಗಡಿಯ ಕಟ್ಟೆಯ ಕೆಳಗೆ, ರಾತ್ರಿಯ ಕಾವಲಿಗೆ ಯಾರೂ ನೇಮಿಸದ, ಯಾರೂ ಸಂಬಳ ಕೊಡದ ನಾಯಿಯೊಂದು ಮೈ ಮುದುಡಿಕೊಂಡು ಮಲಗುತ್ತದೆ. ಚೋಪಡಿಯ ಪುಟದಲ್ಲಿ ಇನ್ನೂ ಒಂದು ಸಾಲಿಗೆ ಜಾಗವಿರುತ್ತದೆ.