ಮೈಗೊಪ್ಪುವ ಕವಚ

ಕರ್ಣನು ಕವಚವನ್ನು ತೊಟ್ಟುಕೊಂಡೇ ಹುಟ್ಟಿದನೆಂಬ ಕಥೆಯನ್ನು ಬಲ್ಲವರು ಆ ಕವಚದ ಬಲವನ್ನು ಕೊಂಡಾಡುವರೇ ಹೊರತು ಅದರ ಅಳತೆಯನ್ನು ಕುರಿತು ಯೋಚಿಸುವುದಿಲ್ಲ. ಶಿಶುವಿನ ಮೈಯೊಡನೆಯೇ ಬೆಳೆದು, ಯೋಧನ ಎದೆಗೆ ಕೂದಲೆಳೆಯಷ್ಟೂ ಹೆಚ್ಚುಕಡಮೆಯಿಲ್ಲದೆ ಹೊಂದಿದ್ದ ಆ ಕವಚವನ್ನು ಯಾರೂ ಅಂಗಡಿಯಲ್ಲಿ ಆರಿಸಬೇಕಾಗಿರಲಿಲ್ಲ. ಉಳಿದವರಿಗೆ ಆ ಭಾಗ್ಯವಿಲ್ಲ. ಒಬ್ಬರ ಅಳತೆಗೆ ಹೊಲಿದುದನ್ನು ಇನ್ನೊಬ್ಬರು ತೊಡುವುದೂ, ಸಡಿಲವಾದರೆ ಮಡಚಿಕೊಂಡು ಬಿಗಿಯಾದರೆ ಉಸಿರು ಹಿಡಿದುಕೊಂಡು ದಿನ ಕಳೆಯುವುದೂ ಲೋಕದ ವಾಡಿಕೆ. ನೆಲದ ಮೇಲೆ ಇದರಿಂದ ಬರುವ ಹಾನಿ ಅಲ್ಪವಾದುದು. ನೀರಿನಲ್ಲಿ ಹಾಗಲ್ಲ.

ಫಲ್ಗುಣಿಯ ದಡದ ಪೊಳಲಿಯಲ್ಲಿ ಈ ಮಾತಿನ ಅರ್ಥವನ್ನು ಅನುಭವದಿಂದ ಬಲ್ಲ ಮನೆಯೊಂದುಂಟು. ಆ ಮನೆಯ ಅಜ್ಜಿ ಹತ್ತು ವರುಷದ ಬಾಲಿಕೆಯಾಗಿದ್ದಾಗ, ಅವರ ತಮ್ಮನು ಆಷಾಢದ ನೆರೆಯಲ್ಲಿ ತೇಲಿಬರುತ್ತಿದ್ದ ತೆಂಗಿನಕಾಯಿಯನ್ನು ಹಿಡಿಯಲೆಂದು ಹೊಳೆಗಿಳಿದನು. ಹುಡುಗನು ಈಜು ಬಲ್ಲವನೇ. ಆದರೆ ಅವನ ಮೈಮೇಲಿದ್ದುದು ಅಣ್ಣನ ಹಳೆಯ ಅಂಗಿ. ತೋಳುಗಳು ಬೆರಳ ತುದಿಯನ್ನು ದಾಟಿದ್ದುವು. ಅಂಚು ಮೊಣಕಾಲಿಗೆ ಇಳಿದಿತ್ತು. ನೆನೆದ ಬಟ್ಟೆಯು ಕೈಗಳಿಗೆ ಸುತ್ತಿಕೊಂಡು ಈಜಲಾರದಂತೆ ಮಾಡಿತು. ಅಂದಿನಿಂದ ಆ ಮನೆಯ ಮಕ್ಕಳಿಗೆ ಹೊಳೆಯು ಕಣ್ಣಿಗೆ ಮಾತ್ರ, ಸ್ನಾನವು ಬಾವಿಕಟ್ಟೆಯಲ್ಲಿ. ರಾಜರಾಜೇಶ್ವರಿಯ ಜಾತ್ರೆಯಿಂದ ಕಲ್ಲಂಗಡಿಯ ಹೋಳನ್ನು ಹಿಡಿದುಕೊಂಡು ಮಕ್ಕಳು ಹೊಳೆಯ ಕಡೆಗೆ ನಡೆದರೂ ಅಜ್ಜಿಯ ಕೂಗು ಹಿಂದೆಯೇ ಬರುತ್ತಿತ್ತು.

ನಿಷೇಧವಿದ್ದಲ್ಲಿ ಕುತೂಹಲವು ಹುಟ್ಟುವುದು ಸಹಜವಷ್ಟೆ. ಅಜ್ಜಿಯ ಮೊಮ್ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಗ, ಮನೆಯವರಿಗೆ ತಿಳಿಯದಂತೆ ಈಜುಕೊಳದಲ್ಲಿ ಈಜು ಕಲಿತಳು. ಮುಂದೆ ಶಾಲೆಯೊಂದರಲ್ಲಿ ಅಧ್ಯಾಪಿಕೆಯಾದ ಬಳಿಕ ಸಮುದ್ರದ ಒಳಗನ್ನು ಕಾಣಬೇಕೆಂಬ ಆಸೆ ಬಲವಾಯಿತು. ಉತ್ತರ ಕನ್ನಡದ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಕಡಲ ನಡುವೆ ನೇತ್ರಾಣಿಯೆಂಬ ದ್ವೀಪವಿರುವುದು. ಅದರ ಸುತ್ತಣ ನೀರಿನಲ್ಲಿ ಹವಳವನ್ನೂ ಬಣ್ಣಬಣ್ಣದ ಮೀನುಗಳನ್ನೂ ನೋಡಲು ಮಳೆಗಾಲವನ್ನುಳಿದು ಜನರು ಹೋಗುತ್ತಿರುವರು. ದಟ್ಟ ಮೀಸೆಯ ಚಿಕ್ಕಪ್ಪನೊಬ್ಬನನ್ನು ಒಡಂಬಡಿಸಿ, ಅಜ್ಜಿಗೆ ‘ದೇವಸ್ಥಾನಕ್ಕೆ’ ಎಂದು ಅರ್ಧಸತ್ಯವನ್ನು ಹೇಳಿ, ಅವಳು ಹೊರಟಳು.

ರನ್ನನ ಕಾವ್ಯದಲ್ಲಿ ದುರ್ಯೋಧನನು ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದಲ್ಲಿ ಅಡಗಿದನು. ಮಂತ್ರಕ್ಕೆ ಅಳತೆ ಬೇಕಿಲ್ಲ. ಈ ಕಾಲದ ಮುಳುಗುಗಾರರಿಗೆ ಇರುವುದು ಯಂತ್ರ. 1943ರಲ್ಲಿ ಫ್ರಾನ್ಸ್ ದೇಶದ ಜಾಕ್ ಕುಸ್ತೋ ಎಂಬ ನಾವಿಕನೂ ಎಮೀಲ್ ಗಾನ್ಯಾನ್ ಎಂಬ ಯಂತ್ರಜ್ಞನೂ ಕೂಡಿ, ಬೆನ್ನಿಗೆ ಕಟ್ಟಿದ ಸಿಲಿಂಡರಿನ ಗಾಳಿಯನ್ನು ಉಸಿರಿಗೆ ತಕ್ಕಂತೆ ಒದಗಿಸುವ ಸಾಧನವನ್ನು ಸಿದ್ಧಪಡಿಸಿದರು. ಸ್ಕೂಬಾ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾದ ವಿದ್ಯೆಯು ಇದರಿಂದಲೇ ಹರಡಿತು. ಯಂತ್ರಕ್ಕಾದರೋ ಅಳತೆ ಬೇಕು.

ದಡದ ಕೊಟ್ಟಿಗೆಯೊಂದರಲ್ಲಿ ಬಾಡಿಗೆಯ ಉಡುಪುಗಳು ಸಾಲಾಗಿ ತೂಗುತ್ತಿದ್ದುವು. ಅವಳದು ಗಿಡ್ಡ ಮೈಕಟ್ಟು, ಕಿರಿದಾದ ಹೆಗಲು, ಅಗಲವಾದ ಸೊಂಟ. ಸಣ್ಣ ಉಡುಪು ಸೊಂಟದಲ್ಲಿ ಸಿಕ್ಕಿಬಿದ್ದಿತು. ನಡುವಣ ಅಳತೆಯದು ಬೆನ್ನಿನಲ್ಲಿಯೂ ಕೊರಳಿನಲ್ಲಿಯೂ ಬಾಯ್ದೆರೆದು ನಿಂತಿತು. ಗಾಳಿ ತುಂಬುವ ಜಾಕೆಟ್ಟು ಎರಡು ಕೈಗಳನ್ನೊಳಹೊಕ್ಕಿಸುವಷ್ಟು ಸಡಿಲು. ಕಣ್ಣು ಮೂಗುಗಳನ್ನು ಮುಚ್ಚುವ ಮಾಸ್ಕು ಅಗಲ ಮುಖದವರಿಗೆಂದು ಮಾಡಿದ್ದು. ಅವಳು ಸಂಕೋಚದಿಂದ ಕೇಳಿದಾಗ ಅಲ್ಲಿದ್ದ ಹುಡುಗನು, “ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ, ಎಲ್ಲರೂ ಹೀಗೆಯೇ ಹೋಗುವುದು” ಎಂದನು. ದೋಣಿಯಲ್ಲಿ ಹತ್ತಾರು ಮಂದಿ ಕಾದಿದ್ದರು. ಒಬ್ಬಳಿಗಾಗಿ ಎಲ್ಲರನ್ನೂ ತಡೆಯುವುದು ಅವಿನಯವೆಂದು ತೋರಿ ಅವಳು ಸುಮ್ಮನಾದಳು. ಆ ವಿನಯವೇ ಅಂದಿನ ತಪ್ಪು.

ಐದಾರು ಮೀಟರ್ ಇಳಿಯುವುದರೊಳಗೆ ಮೂಗಿನ ಪಕ್ಕದಿಂದ ನೀರು ಮಾಸ್ಕಿನೊಳಗೆ ಒಸರತೊಡಗಿತು. ಅವಳು ಪಟ್ಟಿಯನ್ನು ಬಿಗಿದಳು. ಅಂಚಿನ ಮೆದು ಸಿಲಿಕೋನ್ ಇನ್ನೂ ಸೊಟ್ಟಗಾಗಿ ನೀರು ಹೆಚ್ಚಿತು. ಜಾಕೆಟ್ಟು ಕಿವಿಯವರೆಗೆ ಏರಿ, ಬೆನ್ನಿನ ಸಿಲಿಂಡರು ಒಂದು ಕಡೆಗೆ ವಾಲಿ ಮೈಯನ್ನೇ ತಿರುಗಿಸಿತು. ಸಡಿಲಾದ ಉಡುಪಿನೊಳಗೆ ತಣ್ಣೀರು ಬಂದು ಬಂದು ಹೋಗುತ್ತಿತ್ತು. ಮೂಗಿಗೆ ಉಪ್ಪುನೀರು ಏರಿದೊಡನೆ ಬುದ್ಧಿಯು ಕೈಬಿಟ್ಟಿತು. ಉಸಿರನ್ನು ಬಿಗಿಹಿಡಿದು ಮೇಲಕ್ಕೆ ಚಿಮ್ಮಲು ಹವಣಿಸಿದಳು. ಜೊತೆಗಿದ್ದ ಶಿಕ್ಷಕನು ಅವಳ ತೋಳನ್ನು ಹಿಡಿದು, ಉಸಿರು ಬಿಡುವಂತೆ ಸನ್ನೆಮಾಡಿ, ಮೆಲ್ಲಮೆಲ್ಲನೆ ಮೇಲಕ್ಕೆ ತಂದನು. ಹತ್ತು ಮೀಟರ್ ಆಳದಲ್ಲಿ ಒತ್ತಡವು ದಡದಲ್ಲಿರುವುದರ ಇಮ್ಮಡಿ. ಅಲ್ಲಿಂದ ಉಸಿರು ಹಿಡಿದುಕೊಂಡು ಮೇಲೇರಿದರೆ ಎದೆಯೊಳಗಿನ ಗಾಳಿ ಇಮ್ಮಡಿಯಾಗಿ ಹಿಗ್ಗಲೆಳಸಿ ಶ್ವಾಸಕೋಶವನ್ನು ಸೀಳಬಲ್ಲುದು. ಅವಳು ಅಷ್ಟು ಆಳದಲ್ಲಿರದಿದ್ದರೂ ಅಪಾಯವು ಅದೇ ಜಾತಿಯದು. ಚಿಕ್ಕಪ್ಪನ ಮಾಸ್ಕಿಗೂ ಮೀಸೆಯ ಎಳೆಗಳ ಸಂದಿನಿಂದ ನೀರು ನುಗ್ಗಿತ್ತು. ಆದರೆ ಅವನು ಅದನ್ನು ನಗೆಯ ಮಾತಾಗಿ ಮಾಡಿಕೊಂಡನು.

ಅವಳಿಗೆ ನಗು ಬರಲಿಲ್ಲ. ಮನೆಗೆ ಮರಳಿದ ಮೇಲೆ ಕನ್ನಡಿಯ ಮುಂದೆ ನಿಂತು ತನ್ನ ಹೆಗಲನ್ನೂ ಸೊಂಟವನ್ನೂ ಮೂಗನ್ನೂ ಒಂದೊಂದಾಗಿ ನಿಂದಿಸಿಕೊಂಡಳು. ಎಲ್ಲರಿಗೂ ಆಗುವುದು ತನಗೆ ಆಗದಿದ್ದರೆ ಕೊರತೆಯು ತನ್ನ ಮೈಯಲ್ಲಿಯೇ ಇರಬೇಕೆಂಬುದು ಅವಳ ತರ್ಕ. ಹೀಗೆ ತರ್ಕಿಸುವವರು ಅವಳೊಬ್ಬಳೇ ಅಲ್ಲವೆಂಬುದನ್ನು ವಾಚಕರು ಬಲ್ಲರು.

ಆ ತರ್ಕವನ್ನು ಮುರಿದುದು ತರಗತಿಯ ಪಾಠಕ್ಕೆಂದು ಓದುತ್ತಿದ್ದಾಗ ಸಿಕ್ಕಿದ ಹಳೆಯ ವಾರ್ತೆಯೊಂದು. 2019ರ ಮಾರ್ಚ್ ತಿಂಗಳಲ್ಲಿ, ಪೊಳಲಿಯಲ್ಲಿ ಬ್ರಹ್ಮಕಲಶೋತ್ಸವದ ಸಡಗರವಿದ್ದ ಅದೇ ತಿಂಗಳಲ್ಲಿ, ಅಮೆರಿಕದ ನಾಸಾ ಸಂಸ್ಥೆಯ ಇಬ್ಬರು ಸ್ತ್ರೀಯರು ಒಟ್ಟಾಗಿ ಅಂತರಿಕ್ಷ ನಿಲ್ದಾಣದ ಹೊರಗೆ ನಡೆಯಬೇಕೆಂದು ಗೊತ್ತಾಗಿತ್ತು. ಇಬ್ಬರಿಗೂ ಮಧ್ಯಮ ಅಳತೆಯ ಮೇಲುಕವಚವು ಬೇಕಾಗಿತ್ತು. ಬಳಕೆಗೆ ಸಿದ್ಧವಾಗಿದ್ದುದು ಒಂದೇ. ಆದಕಾರಣ ಒಬ್ಬಾಕೆಯ ಬದಲು ಪುರುಷನೊಬ್ಬನು ಹೊರಗೆ ಹೋದನು. ಇಬ್ಬರು ಸ್ತ್ರೀಯರ ಆ ನಡಿಗೆ ನೆರವೇರಿದುದು ಅದೇ ವರುಷದ ಅಕ್ಟೋಬರ್ 18ರಂದು, ಕ್ರಿಸ್ಟಿನಾ ಕೋಚ್ ಮತ್ತು ಜೆಸ್ಸಿಕಾ ಮೀರ್ ಎಂಬವರಿಂದ. ಆಕಾಶಕ್ಕೆ ಮನುಷ್ಯರನ್ನು ಕಳುಹಬಲ್ಲವರ ಬಳಿಯಲ್ಲಿಯೇ ತಕ್ಕ ಅಳತೆಯ ಕವಚವು ಸಾಲದಾಗಿತ್ತೆಂದರೆ, ಕಡಲ ಕೊಟ್ಟಿಗೆಯ ಮಾತೇನು? ಅಲ್ಲಿ ಯಾರೂ ಆ ಸ್ತ್ರೀಯ ಮೈಯನ್ನು ದೂರಲಿಲ್ಲ. ಅವಳೂ ಒಪ್ಪದ ಕವಚವನ್ನು ತೊಟ್ಟು ಹೊರಡಲಿಲ್ಲ.

ಅನಂತರ ಅವಳು ತನ್ನ ಅಳತೆಯನ್ನು ಹುಡುಕತೊಡಗಿದಳು. ಬೆಂಗಳೂರಿನ ಅಂಗಡಿಯೊಂದರಲ್ಲಿ ಒಂಬತ್ತು ಮಾಸ್ಕುಗಳನ್ನು ಪರೀಕ್ಷಿಸಿದಳು. ಪರೀಕ್ಷೆ ಸುಲಭವಾದುದು. ಕೂದಲನ್ನು ಸರಿಸಿ, ಪಟ್ಟಿಯನ್ನು ಹಾಕದೆ, ಮಾಸ್ಕನ್ನು ಮುಖಕ್ಕೆ ಮೆಲ್ಲನೆ ಒರಗಿಸಿ ಮೂಗಿನಿಂದ ಸ್ವಲ್ಪ ಗಾಳಿಯನ್ನೆಳೆದು ಕೈಬಿಡಬೇಕು. ಬೀಳದೆ ನಿಂತರೆ ಅದು ಆ ಮುಖದ್ದು; ಎಲ್ಲಿಯಾದರೂ ಗಾಳಿ ನುಸುಳಿದರೆ ಬೆಲೆ ಎಷ್ಟಿದ್ದರೂ ಬಿಡತಕ್ಕದ್ದು. ಏಳನೆಯದು ನಿಂತಿತು. ಮೀಸೆಯುಳ್ಳವರು ಮೂಗಿನ ಕೆಳಗಣ ಅಂಚನ್ನಷ್ಟು ಕತ್ತರಿಸಿಕೊಳ್ಳುವುದುಂಟೆಂದು ತಿಳಿದ ಚಿಕ್ಕಪ್ಪನು ಮಾತ್ರ ಮಾತು ಬದಲಿಸಿದನು.

ನಿಯೋಪ್ರೀನ್ ಉಡುಪಿನ ಗುಟ್ಟೂ ಅವಳಿಗೆ ತಿಳಿಯಿತು. ಅದು ನೀರನ್ನು ತಡೆಯುವುದಕ್ಕಾಗಿ ಅಲ್ಲ. ಒಳಹೊಕ್ಕ ತೆಳುವಾದ ನೀರಿನ ಪದರವನ್ನು ಮೈಶಾಖದಿಂದ ಬೆಚ್ಚಗಾಗಿಸಿ ಅಲ್ಲಿಯೇ ಇರಿಸುವುದಕ್ಕಾಗಿ. ನೀರು ಗಾಳಿಗಿಂತ ಇಪ್ಪತ್ತು ಮಡಿಗೂ ಮಿಕ್ಕು ವೇಗವಾಗಿ ಶಾಖವನ್ನು ಸೆಳೆಯುವುದರಿಂದ, ಸಡಿಲಾದ ಉಡುಪು ನಿರುಪಯೋಗಿ. ಅತಿ ಬಿಗಿಯಾದುದು ಇನ್ನೂ ಕೇಡು. ಕೊರಳ ನಾಡಿಯನ್ನು ಒತ್ತಿದರೆ ತಲೆಸುತ್ತು ಬರುವುದು. ದಡದಲ್ಲಿ ತೊಡಲು ತುಸು ಪ್ರಯಾಸವಾಗಬೇಕು. ಕಂಕುಳಲ್ಲಿಯೂ ಬೆನ್ನ ಹುರಿಯ ಕೆಳಗೂ ಪೊಳ್ಳು ಉಳಿಯಬಾರದು. ಕೈಯೆತ್ತಿ ದೀರ್ಘವಾಗಿ ಉಸಿರೆಳೆಯಲು ಅಡ್ಡಿಯಾಗಬಾರದು. ಗಿಡ್ಡ ಮೈಕಟ್ಟಿನ ಸ್ತ್ರೀಯರಿಗೆಂದೇ ಕತ್ತರಿಸಿದ, ಮೂರು ಮಿಲಿಮೀಟರ್ ದಪ್ಪದ ಉಡುಪೊಂದು ಕೊನೆಗೆ ದೊರಕಿತು. ಪೊಳಲಿ ಚೆಂಡಿನಲ್ಲಿ ಉರುಳುವ ಚರ್ಮದ ಚೆಂಡು ಎಲ್ಲರ ಕಾಲಿಗೂ ಒಂದೇ. ಕಾಲಿಗೆ ತೊಡುವ ಈಜುರೆಕ್ಕೆ ಹಾಗಲ್ಲ. ಹಿಮ್ಮಡಿ ಜಾರದೆ, ಬೆರಳುಗಳು ಮಡಿಯದೆ ಇರುವುದನ್ನು ನೋಡಿ ಕೊಂಡಳು. ಜಾಕೆಟ್ಟನ್ನೂ ಸಿಲಿಂಡರನ್ನೂ ಬಾಡಿಗೆಗೆ ತೆಗೆದುಕೊಳ್ಳುವುದೆಂದೂ, ಗಾಳಿ ತುಂಬಿ ದಡದಲ್ಲಿಯೇ ಪರೀಕ್ಷಿಸದೆ ದೋಣಿ ಹತ್ತುವುದಿಲ್ಲವೆಂದೂ ನಿಶ್ಚಯಿಸಿದಳು.

ಈ ಸಲ ಅರ್ಧಸತ್ಯವನ್ನು ಹೇಳಲು ಮನಸ್ಸಾಗಲಿಲ್ಲ. ಹೊರಡುವ ಹಿಂದಿನ ಸಂಜೆ ಉಡುಪನ್ನು ಚಾವಡಿಯಲ್ಲಿ ಹರಡಿ ಅಜ್ಜಿಗೆ ಎಲ್ಲವನ್ನೂ ತಿಳಿಸಿದಳು. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಮಾಸ್ಕಿನ ಅಂಚಿನ ಸುತ್ತ ಬೆರಳಾಡಿಸಿದರು. ಕರಿಯ ಬಟ್ಟೆಯನ್ನು ಎಳೆದು ಬಿಟ್ಟು ನೋಡಿದರು. ಬಳಿಕ ಅದನ್ನು ತೊಟ್ಟು ಬರುವಂತೆ ಹೇಳಿದರು. ಮೊಮ್ಮಗಳು ತೊಟ್ಟು ಬಂದು ಎದುರಿಗೆ ನಿಂತಾಗ, ಕೊರಳನ್ನೂ ಬೆನ್ನನ್ನೂ ಬಿಟ್ಟು, ಅವಳ ಮಣಿಕಟ್ಟುಗಳೆರಡನ್ನೂ ಹಿಡಿದು ಉಡುಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

“ತೋಳು ಉದ್ದವಿಲ್ಲ” ಎಂದರು.

“ಇಲ್ಲ, ಅಜ್ಜಿ.”

“ಅಲ್ಲಿ ಸರಿಯಾಗದಿದ್ದರೆ ಹಿಂದೆ ಬಾ. ಯಾರು ಕಾದರೂ ಕಾಯಲಿ.”

ಅವಳು ಎರಡನೆಯ ಸಲ ನೇತ್ರಾಣಿಯ ನೀರಿಗಿಳಿದು, ಹವಳದ ಬಂಡೆಗಳ ಮೇಲೆ ಅರ್ಧ ಗಂಟೆಯ ಕಾಲ ತೇಲಿ ಬಂದಳು. ಅಂದು ದಡದಲ್ಲಿ ಎರಡು ಜಾಕೆಟ್ಟುಗಳನ್ನು ಹಿಂದಕ್ಕೆ ಕೊಟ್ಟು, ಮೂರನೆಯದಕ್ಕಾಗಿ ದೋಣಿಯನ್ನು ಕಾಲು ಗಂಟೆ ನಿಲ್ಲಿಸಿದ್ದಳು.